ಮಾಜಿ ಅಧ್ಯಕ್ಷೆಯ ಸಂದರ್ಶನ

ಮೈಕು ಇನ್ನಷ್ಟು ಆಚೆಗಿಡಪ್ಪ,
ಭಾಷಣದ ಗಂಟಲು ಇದು, ಹತ್ತಿರ ತಂದರೆ
ತಾನಾಗೇ ‘ಬಂಧುಗಳೇ’ ಅಂದುಬಿಡುತ್ತೆ.

ನಿನ್ನ ಹಾಳೆಯಲ್ಲಿ ಹನ್ನೊಂದು ಪ್ರಶ್ನೆ.
ಎರಡನೆಯದು ದೇವರು, ಕೊನೆಯದು ಬದುಕಿನ ಅರ್ಥ,
ಕಂಸದೊಳಗೆ: ಒಂದೇ ವಾಕ್ಯದಲ್ಲಿ.
ಶಿಡ್ಲಘಟ್ಟದ ಕಾಲೇಜು ಹುಡುಗರಿಗೆ ಇಷ್ಟೊಂದು ಅವಸರವೆ?

ನಂಬಿಕೆ ಇದೆ ಅಂದರೆ ಆ ಕಡೆಯವರ ಚಪ್ಪಾಳೆ,
ಇಲ್ಲ ಅಂದರೆ ಈ ಕಡೆಯವರದು.
ಎರಡೂ ಕೇಳಿದ್ದೇನೆ. ಸದ್ದು ಒಂದೇ ಥರ.

ಹೋದ ಸಾರಿ ಯಾರೋ ಕೇಳಿದಾಗ ಹೇಳಿದ್ದೆ:
ನನ್ನ ತಾಯಿ ಮಹಾ ದೈವಭಕ್ತೆ, ಅವರ ಸಂಸ್ಕಾರವೇ ನಾನು.
ಪೇಪರಿನಲ್ಲೂ ಬಂತು, ಫೋಟೋ ಸಮೇತ.
ಸುಳ್ಳಲ್ಲ ಅದು. ನಿಜವೂ ಅಲ್ಲ.

ಪಿಳ್ಳಮ್ಮ ಗುಡಿಗೆ ಹೋದದ್ದು ನಾನು ಕಾಣೆ.
ಬೆಳಗಿನ ನಾಲ್ಕಕ್ಕೆ ದಸ್ತಗೀರ್ ಸಾಬರ ಫಿಲೇಚರು,
ಕುದಿಯುವ ಬೋಗುಣಿ, ಸತ್ತ ಹುಳುವಿನ ಆ ನಾತ.
ಹೊರಗಿನವರು ಮೂಗು ಮುಚ್ಚಿಕೊಂಡಾಗಷ್ಟೇ
ನೆನಪಾಗುತ್ತಿತ್ತು ನಮಗೂ ಮೂಗಿದೆ ಅಂತ.
ಮೊದಲ ಮೊರದ ಗೂಡು ನೀರಿಗೆ ಸುರಿಯುವ ಮುನ್ನ
ಒಂದು ಗಳಿಗೆ ನಿಲ್ಲುತ್ತಿದ್ದಳು. ತುಟಿ ಮಾತ್ರ ಆಡುತ್ತಿತ್ತು.
ನಾನು ಮೂಲೆಯಲ್ಲಿ ಕೂತು ಮಗ್ಗಿ ಬಾಯಿಪಾಠ;
ಮಂತ್ರವೆಂದೇ ಎಷ್ಟೋ ವರ್ಷ ಅಂದುಕೊಂಡಿದ್ದೆ.
ಒಂದಿನ ಕಿವಿಗೊಟ್ಟೆ.
‘ತಪ್ಪಯಿಂದಿ ತಲ್ಲೀ, ತಪ್ಪಯಿಂದಿ.’
ನಮ್ಮ ಮನೆಮಾತಿನ ತೆಲುಗು. ಹುಳುಗಳಿಗೆ ಹೇಳುತ್ತಿದ್ದಳು,
ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿ,
ತಮ್ಮ ಸುತ್ತ ತಾವೇ ಮನೆ ಕಟ್ಟಿಕೊಂಡು
ಒಳಗೆ ಮಲಗಿದವಕ್ಕೆ.

ಆಮೇಲೆ ಕೈ ಬಿಸಿನೀರಿಗೆ, ಸಂಜೆ ಐದರ ತನಕ.
ಮಧ್ಯಾಹ್ನದ ಬಾಂಗಿಗೆ ಸಾಬರು ರೇಡಿಯೊ ಆರಿಸಿದರೆ
ಅವಳೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ರಾಟೆ ನಿಲ್ಲಿಸದೆ.
ಇಷ್ಟೇ ನನ್ನ ಸಂಸ್ಕಾರ. ಬರಕೋ ಬೇಕಿದ್ದರೆ.

ಪ್ರಮಾಣವಚನದ ದಿನ ಅಧಿಕಾರಿ ಬಗ್ಗಿ ಕೇಳಿದರು:
ದೇವರ ಹೆಸರಲ್ಲೋ, ಸತ್ಯನಿಷ್ಠೆಯಿಂದಲೋ?
ಹಿಂದಿನ ಸಾಲಿನತ್ತ ನೋಡಿದೆ.
ಅವಳು ನನ್ನ ಮುಖ ನೋಡುತ್ತಿರಲಿಲ್ಲ,
ಸೀರೆ ನೋಡುತ್ತಿದ್ದಳು, ಸಾಲ ಮಾಡಿ ತಂದ ರೇಷ್ಮೆ,
ಅಂಚಿನಿಂದ ಅಂಚಿಗೆ, ತುಟಿಯಾಡಿಸುತ್ತ.
ಹಾಳೆಯಲ್ಲಿ ಮೊದಲು ಇದ್ದದ್ದು ದೇವರು. ಅದನ್ನೇ ಓದಿದೆ.

ಮೂವತ್ತು ತಿಂಗಳ ಕುರ್ಚಿ. ಎರಡು ಚರಂಡಿ, ಒಂದು ಬೋರ್‌ವೆಲ್,
ಕಲ್ಲಿನ ಮೇಲೆ ಹೆಸರು: ಗಂಗುಲಮ್ಮ ಹೋಗಿ ಗಂಗಲಮ್ಮ.

ಇನ್ನೊಂದು ಹೇಳಲೆ? ನಿನ್ನ ಹಾಳೆಯಲ್ಲಿಲ್ಲ.
ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟಿನ ಯಂತ್ರ ಬಂದಾಗ
ಟೇಪು ಕತ್ತರಿಸಿದವಳು ನಾನೇ.
ಮೊದಲ ಹೆಬ್ಬೆಟ್ಟು ತಾಯಿಯದಿರಲಿ ಮೇಡಂ, ಅಂದರು ಫೋಟೋದವರು.
ಒತ್ತಿದಳು. ಕೆಂಪು ದೀಪ.
ಸೆರಗಿಗೆ ಒರೆಸಿಕೊಂಡು ಒತ್ತಿದಳು. ಕೆಂಪು.
ಹತ್ತೂ ಬೆರಳಾಯಿತು.
ಮೂವತ್ತು ವರ್ಷದ ಬಿಸಿನೀರು ಗೆರೆಗಳನ್ನೆಲ್ಲ ತೊಳೆದಿತ್ತು,
ತುದಿಗಳು ಹಸುಗೂಸಿನ ಕೆನ್ನೆಯಷ್ಟು ನುಣುಪು.
ಸದಸ್ಯರು ನಗುವುದೋ ಬಿಡುವುದೋ ತಿಳಿಯದೆ ನಿಂತರು,
ನಾನೂ.
ಅವಳೇ ನಕ್ಕಳು: ‘ಅವರ ಲೆಕ್ಕ ಅವರು ತಗೊಂಡವ್ರೆ, ಬಿಡು.’
ಅವರು ಅಂದರೆ ಯಾರು, ನಾನು ಕೇಳಲಿಲ್ಲ.
ಕೇಳಬೇಕಿತ್ತು.
ಆ ತಿಂಗಳ ಅಕ್ಕಿ ಬರಲಿಲ್ಲ. ಅವಳು ಇನ್ನೆರಡು ವರ್ಷ ಇದ್ದಳು.

ಹನ್ನೊಂದನೆಯದಕ್ಕೆ ಬರೋಣ. ಒಂದೇ ವಾಕ್ಯ ಅಂದೆಯಲ್ಲ.
ಗೂಡಿನ ಎಳೆಗೊಂದು ತುದಿ ಇರುತ್ತೆ, ಕಣ್ಣಿಗೆ ಕಾಣಲ್ಲ,
ಬೆರಳಿಗೆ ಮಾತ್ರ ಸಿಗುತ್ತೆ, ಅದೂ ನೀರು ಸುಡುತ್ತಿರುವಾಗ...
ಬೇಡ, ಹೊಡೆದುಹಾಕು. ಭಾಷಣವಾಯಿತು ನೋಡು,
ಮೈಕು ಅಷ್ಟು ದೂರವಿದ್ದೂ.

ಆ ಜಾಗ ಖಾಲಿ ಬಿಡು.
ಟೀ ಕುಡಿ. ಸ್ಟೀಲಿನ ಲೋಟ, ಸುಡುತ್ತೆ;
ಸೆರಗಿಲ್ಲ ನಿನಗೆ, ತಗೋ, ಈ ಕರವಸ್ತ್ರ ಸುತ್ತಿ ಹಿಡಿ.