ಹದಿನಾಲ್ಕು ಡಜನ್

ಮಿಸಿಸಿಪ್ಪಿ ಇಲ್ಲಿ ತುಸು ಸೊಂಟ ತಿರುಗಿಸುತ್ತದೆ.
ತಿರುವಿನಲ್ಲೊಂದು ಊರು. ಊರಿಗಿಂತ ಎತ್ತರಕ್ಕೆ
ಮೂರಂತಸ್ತಿನ ಕೆಂಪಿಟ್ಟಿಗೆಯ ಕಾರ್ಖಾನೆ.
ಅಂಗಿಯ ಗುಂಡಿ ಮಾಡುತ್ತಿದ್ದರು ಇಲ್ಲಿ,
ಹೊಳೆಯ ಚಿಪ್ಪಿನಿಂದ.

ಚಿಪ್ಪಿಗೆ ಹೆಸರಿಟ್ಟವರು ಕೈಗೆ ಸಿಕ್ಕಿದ್ದನ್ನೇ ಇಟ್ಟರು:
ಒಗೆಯುವ ಹಲಗೆ, ಹಂದಿಯ ಗೊರಸು, ಪಿಸ್ತೂಲಿನ ಹಿಡಿ;
ಬರಿಗಾಲಿಗೆ ಚುಚ್ಚಿದ್ದಕ್ಕೆ ಹಿಮ್ಮಡಿಸೀಳ.
ದೋಣಿಯಿಂದ ಇಳಿಬಿಟ್ಟ ಕೊಕ್ಕೆಗೆ ಮೊನೆ ಬೇಕಿರಲಿಲ್ಲ.
ಕೆಸರಲ್ಲಿ ಬಾಯಿ ತೆರೆದು ಕೂತದ್ದು
ಏನೋ ತಾಗಿತೆಂದು ಗಪ್ಪನೆ ಕಚ್ಚುವುದು,
ಕಚ್ಚಿದ್ದನ್ನು ಬಿಡಲೊಲ್ಲದೆ
ತಾನೇ ಮೇಲೆ ಬರುವುದು.

ಬೇಯಿಸಿ, ಮಾಂಸವನ್ನು ಹಂದಿಗೆಸೆದು,
ವಾರವಿಡೀ ಪೀಪಾಯಿಯಲ್ಲಿ ನೆನೆಹಾಕಿ,
ತಿರುಗುವ ಕೊಳವೆಗರಗಸಕ್ಕೆ ಒಡ್ಡಿದರೆ
ಟಣ್ಣೆಂದು ಒಂದು ಬಿಲ್ಲೆ.
ಚಿಪ್ಪಿಗೆ ಐದು, ಆರು. ಕೈ ಪಳಗಿದ್ದರೆ ಏಳು.
ಗುಂಡಿ ತೆಗೆದಲ್ಲೊಂದು ಗುಂಡಿ.
ನನ್ನ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ.

ಜರಡಿಯಾದ ಚಿಪ್ಪನ್ನು ಗಾಡಿಗಟ್ಟಲೆ ಓಣಿಗೆ ಸುರಿದರು,
ತಗ್ಗಿಗೆ ತುಂಬಿದರು, ಅದರ ಮೇಲೆ
ಬ್ಯಾಂಕು ಕಟ್ಟಿದರು, ಲೂಥರನ್ ಇಗರ್ಜಿ ಕಟ್ಟಿದರು.
ತೂತುಗಳ ಮೇಲೆ ನಿಂತ ಊರು
ನೂರು ವರ್ಷದಲ್ಲಿ ಒಂದಂಗುಲವೂ ಕುಸಿದಿಲ್ಲ.

ಕಾರ್ಖಾನೆಯ ದೊಡ್ಡ ಕಿಟಕಿಗಳೆಲ್ಲ ಉತ್ತರಕ್ಕೆ.
ನೆರಳಿಲ್ಲದ ಆ ಬೆಳಕಲ್ಲಿ ಹೆಂಗಸರು
ಬಿಳಿಯಿಂದ ಬಿಳಿಯನ್ನು ಬೇರೆ ಮಾಡುತ್ತಿದ್ದರು.
ಹೊಳೆಯ ಕಡೆಯ ಗೋಡೆಗೆ ಬಳಿದ ಬಣ್ಣದಕ್ಷರದಲ್ಲಿ
ಮಾಲೀಕನ ಹೆಸರು ಮಾಸಿಹೋಗಿ
‘ಮತ್ತು ಮಕ್ಕಳು’ ಅಷ್ಟೇ ಉಳಿದಿದೆ.
ಸುಳ್ಳಲ್ಲ. ಶಾಲೆ ಬಿಟ್ಟ ಮೇಲೆ ಮನೆಮನೆಯಲ್ಲಿ
ಅಡಿಗೆಯ ಮೇಜಿನ ಸುತ್ತ ಕೂತು
ರಟ್ಟಿಗೆ ಗುಂಡಿ ಹೊಲಿಯುತ್ತಿದ್ದವರು ಮಕ್ಕಳೇ.

ಕಳೆದ ಮಾರ್ಚಿಯಲ್ಲಿ ಪುರಭವನದಲ್ಲಿ ಸಭೆ.
ಕೆಡವುವುದೋ, ಉಳಿಸುವುದೋ;
ಉಳಿಸಿದರೆ ಯಾವುದನ್ನು.
ಅಳತೆಗೆ ಬಂದ ಹುಡುಗಿ ಟ್ಯಾಮ್ಸಿನ್ ಓಕ್ರೆಂಟ್
ಪಟ್ಟಿ ಓದಿದಳು: ಕಿಟಕಿಯ ಕಮಾನು, ಸುಣ್ಣದ ಗಾರೆ,
ಮೇಪಲ್ ಮರದ ನೆಲ, ತಾರಸಿಯ ನೀರಿನ ತೊಟ್ಟಿ,
ಚಿಮಣಿ (ಬಿರುಕು ಬಿಟ್ಟಿದೆ, ಆದರೂ).
ಹಿಂದಿನ ಬೆಂಚಿನಲ್ಲಿ ನಾನು ಇಟ್ಟಿಗೆಗಳ ಬಗ್ಗೆ
ಇಷ್ಟು ಮಾತಾಡಬಹುದೇ ಎಂದು ಬೆರಗಾಗುತ್ತಿದ್ದೆ.

ಆಗ ಆಲ್ವೀನಾ ಷ್ಟ್ರೋಬೆಲ್, ತೊಂಬತ್ತೊಂದರವಳು,
ಕೋಲೂರದೆ ಎದ್ದಳು.

“ಗ್ರೋಸ್ ಅಂದರೆ ಹನ್ನೆರಡು ಡಜನ್. ಅದು ಶಾಲೆಯ ಪುಸ್ತಕದಲ್ಲಿ.
ಮೇಸ್ತ್ರಿಯ ತಕ್ಕಡಿಯಲ್ಲಿ ಹದಿನಾಲ್ಕು.
ಒಡೆದದ್ದು, ಕಲೆಯಾದದ್ದು ಇದ್ದೀತು ಅಂತ
ಮೊದಲೇ ಎರಡು ಹಿಡಿದುಕೊಳ್ಳೋರು,
ಒಡೆಯದಿದ್ದರೂ.
ನಮ್ಮಪ್ಪನ ಎಡಗೈಗೆ ಮೂರೂವರೆ ಬೆರಳು.
ಊಟದ ಮಧ್ಯೆ ಕೆಮ್ಮಿದರೆ ತಟ್ಟೆಗೆ ಬಿಳಿ ಪುಡಿ,
ಅಮ್ಮ ಅದನ್ನು ಉಪ್ಪು ಅನ್ನೋಳು.
ಆ ಎರಡು ಡಜನ್, ಮಗಳೇ,
ನಿನ್ನ ನಕ್ಷೆಯಲ್ಲಿ ಎಲ್ಲಿದೆ?”

ಯಾರೋ ಕುರ್ಚಿ ಸರಿಸಿದರು.
ಅಧ್ಯಕ್ಷರು, ಬರೆದುಕೊಳ್ಳಿ, ಅಂದರು.
ಟ್ಯಾಮ್ಸಿನ್ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ
ಕಡೆಗೆ ‘ಇತರೆ’ ಎಂಬ ಕಾಲಂನಲ್ಲಿ ಬರೆದಳು: 24.
ಸ್ವಲ್ಪ ಹೊತ್ತು ಬಿಟ್ಟು ಅದರ ಮುಂದೆ
ಗುಣಾಕಾರದ ಗುರುತು ಹಾಕಿ
ಪೆನ್ಸಿಲ್ ಎತ್ತಿಕೊಂಡೇ ಕೂತಳು.

ಹೊರಗೆ, ವಾಹನ ನಿಲ್ಲಿಸಲೆಂದು ಅಗೆದ ಕಾಲುವೆಯಲ್ಲಿ
ಮಣ್ಣಿನ ಕೆಳಗೆ ಮೊಳದುದ್ದ ಚಿಪ್ಪಿನ ಪದರ,
ನಿನ್ನೆ ಸುರಿದಷ್ಟು ಬೆಳ್ಳಗೆ.
ಒಂದನ್ನೆತ್ತಿ ತೊಳೆದೆ. ಏಳು ತೂತು.
ಯಾರದೋ ಪಳಗಿದ ಕೈ.
ಕಣ್ಣಿಗೆ ಹಿಡಿದರೆ, ಜೋಳ ಹೊತ್ತ ದೋಣಿಯೊಂದು
ಒಂದು ತೂತಿನಿಂದ ಇನ್ನೊಂದಕ್ಕೆ
ದಾಟಲು ಬಹಳ ಹೊತ್ತು ತೆಗೆದುಕೊಂಡಿತು.

ಹೊಳೆಯ ಕಡೆಯಿಂದ ಗಾಳಿ ಎದ್ದಿತ್ತು.
ಮೆಟ್ಟಿಲಿಳಿದ ಆಲ್ವೀನಾ
ಯಾರ ನೆರವೂ ಬೇಡವೆಂದು ಕೈಯಾಡಿಸಿ
ಕೋಟಿನ ಜಿಪ್ಪನ್ನು ಕತ್ತಿನ ತನಕ ಎಳೆದುಕೊಂಡಳು.