ಹದಿನೆಂಟನೆಯ ಎಲೆ

ಸೋಫಾದ ಅಡಿಯಲ್ಲಿ ಸಿಕ್ಕಿತು, ಬೋರಲಾಗಿ.
ಇನ್ನೊಂದು ಚಣ ತಡೆದಿದ್ದರೆ ಧೂಳುಯಂತ್ರದ ಬಾಯಿಗೆ.
ತಿರುವಿದೆ: ಚಂದ್ರ. ಎರಡು ಗೋಪುರ, ಎರಡು ನಾಯಿ,
ಕೆಳಗೊಂದು ಕೊಳ, ಕೊಳದಲ್ಲಿ
ಉದ್ದ ಬಾಲದ ಒಂದು ನೀಲಿ ಏಡಿ.

ಹನ್ನೊಂದು ವರ್ಷದಿಂದ ಒರೆಸುತ್ತಿದ್ದೇನೆ ಈ ಕೋಣೆ,
ಜ್ಯೂರಿಕ್ಕಿನಲ್ಲಿ, ಟ್ರಾಮು ಹೋದಾಗೆಲ್ಲ ಗಾಜು ಗುನುಗುವ ನಾಲ್ಕನೆಯ ಮಹಡಿ.
ಕೊನೆಯವರು ಏಳುವುದು ತಡವಾದರೆ
ಬಾಗಿಲಾಚೆ ಬಕೆಟ್ಟು ಹಿಡಿದು ನಿಂತವಳ ಕಿವಿಗೆ
ಬಿದ್ದದ್ದುಂಟು ಡಾಕ್ಟರ್ ಟ್ಸೋಲಿಂಗರ್ ಮಾತು:
ಎಲೆ ಭವಿಷ್ಯ ಹೇಳುವುದಿಲ್ಲ, ಕನ್ನಡಿ ಹಿಡಿಯುತ್ತದೆ.
ಕೊಳವೆಂದರೆ ನೀವಿನ್ನೂ ಇಳಿಯದ ನಿಮ್ಮದೇ ಆಳ.
ನೆರಳನ್ನು ಓಡಿಸಬೇಡಿ,
ಎದುರಿಗೊಂದು ಕುರ್ಚಿ ಹಾಕಿ, ಕೂರಿಸಿ.

ಆ ಕುರ್ಚಿ ಒರೆಸುವವಳು ನಾನು.
ನೆರಳು ಕೂತದ್ದಕ್ಕೆ ಒಂದು ಕಲೆಯಾದರೂ ಬೇಡವೇ?

ಏಡಿಯ ವಿಷಯ ಮಾತ್ರ ನನ್ನನ್ನು ಕೇಳಿ.
ಸಾದೊ ನದಿಯ ಅಳಿವೆಯಲ್ಲಿ ಅಪ್ಪ ಬುಟ್ಟಿ ಎತ್ತುತ್ತಿದ್ದ,
ಕೆಸರು ತೊಳೆಯುವುದು ನನ್ನ ಪಾಲು.
ಪಾಪ, ಅದು ಏನನ್ನೂ ಸೂಚಿಸುವುದಿಲ್ಲ.
ಹೊರಗೆ ಬರಲೊಲ್ಲದು, ಒಳಗೆ ಹೋಗಲೊಲ್ಲದು.
ಚಿಪ್ಪು ಕಳಚಿದ ವಾರ ಕಲ್ಲಿನಡಿ ಬಿದ್ದಿರುತ್ತದೆ,
ಒತ್ತಿದರೆ ಬೆರಳು ಇಳಿಯುವಷ್ಟು ಮೆತ್ತಗೆ.
ಗಂಡ ಹೋದ ವರ್ಷ ನಾನೂ ಹಾಗೇ ಇದ್ದೆ.
ಆಗಲೂ ರಜೆ ಹಾಕಲಿಲ್ಲ.

ಮೂರು ದಿನ ಎಲೆ ನನ್ನ ಜೇಬಿನಲ್ಲೇ.
ಕದ್ದೆ ಅನ್ನಲಾರೆ. ಕೊಡಲು ಕೈ ಬರಲಿಲ್ಲ.

ಶುಕ್ರವಾರ ನೋಡಿದರೆ ಡಾಕ್ಟರೇ ಮಂಡಿಯೂರಿದ್ದಾರೆ,
ನಾನು ದಿನವೂ ಮಂಡಿಯೂರುವ ಜಾಗದಲ್ಲಿ,
ಸೋಫಾದಡಿ ಕೈ ಆಡಿಸುತ್ತ.
ತೆಗೆದು ಕೊಟ್ಟೆ. ಬೈಗುಳಕ್ಕೆ ಕಾದೆ.
ಅವರು ನೆಲದಲ್ಲೇ ಕೂತು ಕೇಳಿದರು:
ಎರ್ಮೆಲಿಂಡ, ಇದರಲ್ಲಿ ನಿಮಗೇನು ಕಾಣುತ್ತದೆ?

ಯಾರೂ ಇಲ್ಲ, ಅಂದೆ.
ಉಳಿದವುಗಳಲ್ಲಿ ರಾಜ, ರಾಣಿ, ಗಂಟು ಹೊತ್ತ ಹುಚ್ಚ,
ಒಂದು ಕಾಲಿಗೆ ಹಗ್ಗ ಬಿದ್ದು ತಲೆಕೆಳಗಾದವನು.
ಇದರಲ್ಲಿ ಜನ ಎದ್ದು ಹೋಗಿಯಾಗಿದೆ.
ದೀಪ ಆರಿಸಿಲ್ಲ, ನಾಯಿಗಳಿಗೆ ಹೇಳಿ ಹೋಗಿಲ್ಲ.
ಇದು ನಾನು ಕೆಲಸಕ್ಕೆ ಬರುವ ಹೊತ್ತು.

ಅವರ ಕೈ ಪೆನ್ನಿಗಾಗಿ ಎದೆಜೇಬು ತಡಕಿತು,
ಸಿಕ್ಕಿದ ಮೇಲೂ ಹೊರಗೆ ತೆಗೆಯಲಿಲ್ಲ.
ಇಬ್ಬರ ನಡುವೆ, ನೆಲದ ಮೇಲೆ, ಅಂಗೈಯಗಲದ ಕೊಳ.
ಕೆಳಗೆ ಟ್ರಾಮು ಹೋಯಿತು. ಗಾಜು ಗುನುಗಿತು.
ಏನಾದರೂ ಅರ್ಥ ಹೇಳುತ್ತಾರೆಂದು ಕಾದೆ,
ಅವರೂ ಕಾಯುತ್ತಿದ್ದರು.

ಆ ಕಡೆ ಹಿಡಿಯಿರಿ, ಅಂದೆ ಕೊನೆಗೆ.
ಅಡಿಯಲ್ಲಿ ಹಳೆಯ ಧೂಳು ಬಹಳ ಇದೆ.
ಸೋಫಾ ಸರಿಸುವುದು ಒಬ್ಬಳಿಂದಾಗುವುದಿಲ್ಲ.