ಒಂದು ಖಾಲಿ ಸಾಲು

ಎಸ್.ಪಿ. ರೋಡಿನಲ್ಲಿ, ಮೋಟಾರು ಸುತ್ತುವ ಅಂಗಡಿಯ ಮೇಲೆ
ನಮ್ಮ ಆಫೀಸು. ವಾರ್ನಿಷ್ ವಾಸನೆ ಮೆಟ್ಟಿಲು ಹತ್ತಿ
ನಮಗಿಂತ ಮೊದಲೇ ಬಂದು ಕೂತಿರುತ್ತಿತ್ತು.
ತೊಂಬತ್ತೆಂಟನೇ ಇಸವಿ. ಎರಡು ಕಂಪ್ಯೂಟರು, ಒಂದು ಮೋಡೆಮ್ಮು.
ಫೋನು ಬಂದರೆ ಇಂಟರ್ನೆಟ್ಟು ಹೋಗುತ್ತಿತ್ತು.

ಮೊದಲ ಗಿರಾಕಿ ಮುನಿವೆಂಕಟಪ್ಪ,
ಮಾರ್ಕೆಟ್ಟಿನ ಹೂವಿನ ಮಂಡಿಯವರು.
"ರೇಟು ಹಾಕ್ಬೇಕು ಕಣಮ್ಮಾ, ಹೈದ್ರಾಬಾದ್ನೋರು ನೋಡ್ಬೇಕು."
ಹಾಕಿದೆ. ಕನಕಾಂಬರ, ಕಾಕಡ, ಸುಗಂಧರಾಜ.
ಕನ್ನಡ ಅಕ್ಷರ ಪರದೆಗೆ ಸಲೀಸಾಗಿ ಬಾರದ ಕಾಲ;
ಬೋರ್ಡು ಬರೆಯುವ ರವೂಫ್ ಸಾಬರಿಂದ ಬರೆಸಿ
ಒಂದೊಂದು ಹೆಸರನ್ನೂ ಚಿತ್ರ ಮಾಡಿ ಅಂಟಿಸಿದೆ.
ಸುಗಂಧರಾಜದ ಕೊಂಬು ಸ್ವಲ್ಪ ಉದ್ದವಾಯಿತು.
ಚೆನ್ನಾಗಿತ್ತು, ಹಾಗೇ ಬಿಟ್ಟೆ.

ಆದರೆ ಹೂವಿನ ರೇಟು ಬೋರ್ಡಿನ ಮೇಲೆ ನಿಲ್ಲುವುದಿಲ್ಲ.
ನಾಲ್ಕು ಗಂಟೆಗೆ ಒಂದು, ಆರಕ್ಕೆ ಇನ್ನೊಂದು,
ಬಿಸಿಲೇರಿದ ಮೇಲೆ ಕೇಳುವವರೇ ಇಲ್ಲ.
ನಾನು ಕೂತು ತಿದ್ದಿ ಏರಿಸುವಷ್ಟರಲ್ಲಿ
ಪುಟದ ತುಂಬ ಬಾಡಿದ ಅಂಕಿ.

ಆಗ ತಿಳಿಯಿತು:
ಪುಟವನ್ನು ಬರೆದಿಡಬೇಕಾಗಿಲ್ಲ,
ಕೇಳಿದಾಗ ಬರೆದರಾಯಿತು.
ಗಾಜಿನ ಬೀರುವಿನಲ್ಲಿ ಬೆಳಗಿನಿಂದ ಕಾದ ವಡೆಯಲ್ಲ,
ಆರ್ಡರು ಕೂಗಿದ ಮೇಲೆ ಕಾವಲಿಗೆ ಬೀಳುವ ಹಿಟ್ಟು.
ಹೋಟೆಲಿನ ಸರ್ವರನ್ನು ಬಲ್ಲ ಈ ಊರಿಗೆ
ಇನ್ನೊಬ್ಬ ಸರ್ವರ್ ಏನು ಮಹಾ, ಅಂದುಕೊಂಡೆ.

ನಲವತ್ತು ಸಾಲು ಪರ್ಲ್.
ಸೀರೆಗೆ ಕುಚ್ಚು ಕಟ್ಟಿದಂತೆ ಆವರಣದೊಳಗೆ ಆವರಣ,
ಪ್ರತಿ ಹೆಸರಿನ ಹಣೆಗೂ ಒಂದು ಡಾಲರು.
ಏರಿಸಿದೆ. ಐನೂರು.
ಐನೂರು ಅಂದರೆ ದುಡ್ಡಲ್ಲ, ತಪ್ಪು.
ಏನು ತಪ್ಪೆಂದು ಬಾಯಿಬಿಡದ ತಪ್ಪು,
ಮಾತು ಬಿಟ್ಟ ಓರಗಿತ್ತಿಯ ಹಾಗೆ.

ಕೆಳಗಿನ ಅಂಗಡಿ ಶಟರ್ ಎಳೆಯಿತು. ಐನೂರು.
ಕೊನೆಯ ಬಸ್ಸು ಹೋಯಿತು. ಐನೂರು.
ಪಾಲುದಾರ ಡೆನ್ಜಿಲ್ ಮೇಜಿನಡಿ ಮಲಗಿದ್ದವನು
ನಿದ್ದೆಯಲ್ಲೇ "ಪರ್ಮಿಷನ್ ನೋಡು" ಅಂದ.
ನೋಡಿದೆ. ಏಳು, ಐದು, ಐದು. ಸರಿಯಾಗೇ ಇತ್ತು.

ಮೂರೂ ಮುಕ್ಕಾಲಿಗೆ ಕಂಡಿತು.
ಕೊಡುತ್ತಿರುವುದು ಎಂಥದ್ದೆಂದು ಮೊದಲು ಹೇಳಬೇಕು,
ಆಮೇಲೆ ಒಂದು ಸಾಲು ಸುಮ್ಮನಿರಬೇಕು,
ಆಮೇಲಷ್ಟೇ ಮಾತು.
ಹೇಳಿದ್ದೆ. ಸುಮ್ಮನಿರುವುದನ್ನು ಮರೆತಿದ್ದೆ.

ಬಂತು.

ಕನಕಾಂಬರ ನೂರ ಎಂಬತ್ತು. ರವೂಫ್ ಸಾಬರ ಕೊಂಬಿನ ಪಕ್ಕ
ಸುಗಂಧರಾಜ ಇಪ್ಪತ್ತೆರಡು.
ಅಷ್ಟರಲ್ಲಿ ಫೋನು ಬಡಿದು ಎಲ್ಲ ಕಡಿದು ಹೋಯಿತು:
"ಅಮ್ಮಾ, ಕನಕಾಂಬರ ಇನ್ನೂರು ಮಾಡು."

ಹನ್ನೊಂದಕ್ಕೆ ತಾವೇ ಬಂದರು. ಪರದೆಗೆ ಮೂಗು ತಾಗಿಸಿ ನೋಡಿದರು.
"ಒಳಗ್ಯಾರು ಕುಂತವ್ರೆ?"
"ಯಾರೂ ಇಲ್ಲ. ಕೇಳಿದಾಗ ಒಬ್ಬ ಹುಟ್ತಾನೆ.
ಲೆಕ್ಕದ ಪುಸ್ತಕ ತೆಗೀತಾನೆ, ಬರೀತಾನೆ, ಕೊಟ್ಟು ಸತ್ತುಹೋಗ್ತಾನೆ."
"ಇನ್ನೊಬ್ರು ಕೇಳುದ್ರೆ?"
"ಇನ್ನೊಬ್ಬ ಹುಟ್ತಾನೆ."
ಕಿಸೆಯಲ್ಲಿದ್ದ ಬಾಳೆನಾರನ್ನು ಬೆರಳಿಗೆ ಸುತ್ತಿ, ಬಿಚ್ಚಿ,
ಮತ್ತೆ ಸುತ್ತಿ, ಬಹಳ ಹೊತ್ತಿನ ಮೇಲೆ ಕೇಳಿದರು:
"ಕೂಲಿ?"

ಪುಟದ ಬುಡದಲ್ಲಿ ಒಂದು ಎಣಿಕೆ ಇಟ್ಟಿದ್ದೆ.
ನೀವು ಮುನ್ನೂರ ಹನ್ನೆರಡನೆಯವರು, ಎಂದು ಹೇಳುವಂಥದ್ದು.
ಅದರಲ್ಲಿ ಇನ್ನೂರು ನಾನೇ. ಉಳಿದದ್ದು ಡೆನ್ಜಿಲ್ ಇರಬೇಕು.
ಹೈದರಾಬಾದಿನಿಂದ ಯಾರೂ ಬಂದ ಸುಳಿವಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ನಸುಕು
ರೇಟು ಸರಿಯಿದೆಯೇ ಎಂದು ನಾನು ಪುಟ ತೆರೆದ ಗಳಿಗೆಯಲ್ಲೇ
ಎಣಿಕೆ ಒರೆಸಿಹೋಗಿ ಸೊನ್ನೆಯಾಯಿತು.
ಇಬ್ಬರು ಒಟ್ಟಿಗೆ ಪುಸ್ತಕಕ್ಕೆ ಕೈ ಹಾಕಿದರೆ ಹಾಗಾಗುತ್ತದೆ.
ಬೀಗ ಹಾಕಿಲ್ಲವೆಂದು ಡೆನ್ಜಿಲ್ ಬೈದ. ಹಾಕುತ್ತೇನೆ ಅಂದೆ.
ಹಾಕಲಿಲ್ಲ ಆವತ್ತು. ಆ ಸೊನ್ನೆಯನ್ನೇ ನೋಡುತ್ತ ಕೂತೆ.

ಡೆನ್ಜಿಲ್ ಮೇಜಿನಡಿ ಗೊರಕೆ ಹೊಡೆಯುತ್ತಿದ್ದ ಹೊತ್ತು ಅದು.
ಇಬ್ಬರು, ಒಂದೇ ಗಳಿಗೆಗೆ.
ಒಬ್ಬರು ನಾನಲ್ಲ.